ಹಾಳೆಯ ಮೇಲೆ ಹಿಮ್ಮಡಿ

ಅಕ್ಕನ ಮನೆಯ ಜಗುಲಿಯಲ್ಲಿ ಒಂದು ಅಡಿಕೆ ಹಾಳೆ ಹಾಸಿತ್ತು. ನೆನೆಸಿ, ಬಿಡಿಸಿ, ಮೇಲೆ ಕಲ್ಲು ಹೇರಿ ಚಪ್ಪಟೆ ಮಾಡಿದ ದೊಡ್ಡ ಹಾಳೆ. ಅದರ ಬಿಳಿಯ ಒಳಮೈಗೆ ಎರಡು ಹನಿ ತೆಂಗಿನೆಣ್ಣೆ ಸವರಿದ್ದರು. ಗೋಡೆಗೆ ಬೆನ್ನು ಕೊಟ್ಟು ಕೂತ ಅಳಿಯ ಬಲಗಾಲಿನ ಹಿಮ್ಮಡಿಯನ್ನು ಅದರ ಮೇಲಿಟ್ಟು ಮೆಲ್ಲಗೆ ತನ್ನತ್ತ ಎಳೆದುಕೊಳ್ಳುತ್ತಿದ್ದ. ಹಿಮ್ಮಡಿ ಒಂದು ಗೇಣು ಜಾರಿತು, ನಿಂತಿತು. ಹಲ್ಲು ಕಚ್ಚಿ ಎಳೆದಾಗ ಇನ್ನೊಂದು ಬೆರಳಿನಷ್ಟು. ಅಷ್ಟಕ್ಕೇ ಹಣೆಯಲ್ಲಿ ಬೆವರು. ಎರಡು ತಿಂಗಳ ಹಿಂದೆ ಇದೇ ಕಾಲು ಏಳು ಜನರ ನಡುವೆ ನುಗ್ಗಿ, ಇಬ್ಬರನ್ನು ಮುಟ್ಟಿ, ನಡುಗೆರೆ ದಾಟಿ ವಾಪಸು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಫಿಸಿಯೊ ಹೇಳಿದ್ದು ನುಣುಪಾದ ಹಲಗೆ ತರಲಿಕ್ಕೆ. ಅಕ್ಕ, "ಅದಕ್ಕೆಂತಕ್ಕೆ ದುಡ್ಡು ತಮಾ, ತೋಟದಲ್ಲಿ ಬೇಕಾದಷ್ಟು ಬಿದ್ದಿದೆಯಲ್ಲ" ಎಂದು ಹಾಳೆ ಎತ್ತಿಕೊಂಡು ಬಂದಳು. ಚಿಕ್ಕವರಿದ್ದಾಗ ಇಂಥ ಹಾಳೆಯ ಮೇಲೆ ಕೂತು, ಒಬ್ಬರನ್ನೊಬ್ಬರು ಎಳೆದು ಅಂಗಳದ ತುಂಬ ಧೂಳೆಬ್ಬಿಸಿದವರು ನಾವು. ಘರ್ಷಣೆ ಕಡಿಮೆಯಾದರೆ ಸೋತ ಸ್ನಾಯುವೂ ಕಾಲನ್ನು ಎಳೆಯಬಲ್ಲದು. ಈ ಭೌತಶಾಸ್ತ್ರವನ್ನು ನಮ್ಮ ಅಡಿಕೆ ಮರಗಳು ವರ್ಷವಿಡೀ ಪುಕ್ಕಟೆ ಉದುರಿಸುತ್ತವೆ.

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾದವರೆಗೆ, ಭತ್ತದ ಕೊಯ್ಲು ಮುಗಿದು ಮಳೆಗಾಲ ಹಿಡಿಯುವ ತನಕ ಎಲ್ಲೆಲ್ಲೂ ಹೊನಲು ಬೆಳಕಿನ ಕಬಡ್ಡಿ. ಹೆದ್ದಾರಿ ಬದಿಯಲ್ಲಿ ಬ್ಯಾನರು, ಗದ್ದೆಯಲ್ಲಿ ಮೈಕು, ರಾತ್ರಿ ಎರಡು ಗಂಟೆಗೂ ಚುರುಮುರಿ ಗಾಡಿಯ ಮುಂದೆ ಜನ. ಅಳಿಯನಿಗೆ ಪೆಟ್ಟಾದದ್ದು ಅಂಥದೇ ಒಂದು ಫೆಬ್ರವರಿ ರಾತ್ರಿ. ಬೋನಸ್ ಗೆರೆಗೆ ಎಡಗಾಲು ಚಾಚಿದ. ಬೋನಸ್ ಸಿಗಬೇಕಾದರೆ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಎಡಗಾಲು ಗೆರೆ ದಾಟಿ ನೆಲ ಮುಟ್ಟಿತು, ಬಲಗಾಲು ಎತ್ತಿತ್ತು, ಸರಿ, ಅಂಕ ಬಂತು. ಹಿಂದಿರುಗಲು ಬಲಗಾಲನ್ನು ಮ್ಯಾಟಿನ ಮೇಲೆ ಊರಿ ತಿರುಗಿದ ಕ್ಷಣಕ್ಕೆ ಮೂಲೆಯ ಹುಡುಗ ತೊಡೆಗೆ ಬಿದ್ದ, ಪಕ್ಕದವನು ಸೊಂಟಕ್ಕೆ. ಪಾದ ಮ್ಯಾಟಿಗೆ ಕಚ್ಚಿತ್ತು, ಮೈ ಆಚೆಗೆ ಹೋಯಿತು. ಲಟಿಕೆ ಮುರಿದಂಥ ಒಂದು ಸದ್ದು ತನಗೆ ಮಾತ್ರ ಕೇಳಿಸಿತು ಎನ್ನುತ್ತಾನೆ. ಎದ್ದು ನಿಂತ, ನಾಲ್ಕು ಹೆಜ್ಜೆ ನಡೆದ, "ಎಂತದೂ ಆಗ್ಲಿಲ್ಲ" ಎಂದ. ಐದನೆಯ ಹೆಜ್ಜೆಗೆ ತಿರುಗಿದಾಗ ಮಂಡಿ ಹೊರಳಿ ಕೂತುಬಿಟ್ಟ. ಮನೆ ಮುಟ್ಟುವಷ್ಟರಲ್ಲಿ ಮಂಡಿಚಿಪ್ಪಿನ ಗುರುತೇ ಇಲ್ಲದಂತೆ ಊದಿತ್ತು.

ಇಲ್ಲೊಂದು ವಿಷಯ ಎಲ್ಲ ಕಬಡ್ಡಿ ಹುಡುಗರೂ ತಿಳಿದಿರಬೇಕು. ತಿರುವಿದ ಮಂಡಿ ಮಾರನೆಯ ದಿನ ನಿಧಾನವಾಗಿ ಊದಿದರೆ ಅದು ಬೇರೆ. ಒಂದೆರಡು ಗಂಟೆಯೊಳಗೇ ಬಿಗಿದು ಊದಿತೆಂದರೆ ಒಳಗೆ ರಕ್ತ ತುಂಬಿದೆ ಎಂದು ಅರ್ಥ, ಮತ್ತು ಆ ರಕ್ತ ಹೆಚ್ಚಿನ ಸಲ ಹರಿದ ಒಂದು ಅಸ್ಥಿರಜ್ಜುವಿನದು. ಎಣ್ಣೆ ಹಾಕಿ ತಿಕ್ಕುವುದಕ್ಕೂ ಉಳುಕು ತೆಗೆಸುವುದಕ್ಕೂ ಅದು ಹೊತ್ತಲ್ಲ.

ಆ ರಜ್ಜುವಿನ ಹೆಸರು ಉದ್ದ. ಆಂಟೀರಿಯರ್ ಕ್ರೂಸಿಯೇಟ್ ಲಿಗಮೆಂಟ್. ಕ್ರಿಕೆಟ್ ನೋಡುವವರಿಗೆಲ್ಲ ಈಗ ಅದು ಎಸಿಎಲ್. ತೊಡೆಮೂಳೆಯ ತುದಿಯಿಂದ ಹೊರಟು, ಓರೆಯಾಗಿ ಇಳಿದು, ಕೆಳಗಾಲಿನ ಮೂಳೆಯ ತಲೆಗೆ ಅಂಟಿಕೊಳ್ಳುವ ಮೂರು ಸೆಂಟಿಮೀಟರಿನಷ್ಟು ಉದ್ದದ ನಾರಿನ ಕಟ್ಟು. ಇದರ ಹಿಂದೆ ಇನ್ನೊಂದು ರಜ್ಜು ಎದುರು ದಿಕ್ಕಿಗೆ ಓರೆಯಾಗಿದೆ. ಎರಡೂ ಕತ್ತರಿಯಂತೆ ಒಂದನ್ನೊಂದು ಹಾಯುತ್ತವೆ. ಎಸಿಎಲ್‌ಗೆ ಮುಖ್ಯವಾಗಿ ಎರಡು ಕೆಲಸ: ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿಯುವುದು, ಮತ್ತು ಅದು ತೊಡೆಮೂಳೆಯ ಕೆಳಗೆ ಅತಿಯಾಗಿ ತಿರುಚಿಕೊಳ್ಳದಂತೆ ತಡೆಯುವುದು. ಎಳೆ ಪ್ರಾಯದವರ ಎಸಿಎಲ್ ಹರಿಯಲು ಸುಮಾರು 2,160 ನ್ಯೂಟನ್ ಬಲ ಬೇಕೆಂದು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ನಾಲ್ಕು ಮೂಟೆ ಅಕ್ಕಿಯನ್ನು ತೂಗುಹಾಕಿದ ಹಾಗೆ. ಇಷ್ಟು ಗಟ್ಟಿಯಾದದ್ದು ಹರಿಯುವುದು ನೇರ ಎಳೆತಕ್ಕಿಂತ ಹೆಚ್ಚಾಗಿ ಎಳೆತ ಮತ್ತು ತಿರುಚು ಎರಡೂ ಒಟ್ಟಿಗೆ ಬಂದಾಗ. ಪಾದ ನೆಲಕ್ಕೆ ಕಚ್ಚಿರಬೇಕು, ಮೈ ತಿರುಗಬೇಕು.

ಹೊನ್ನಾವರದವರಿಗೆ ಇಲ್ಲಿ ಒಂದು ಪ್ರಶ್ನೆ ಬರಲೇಬೇಕು. ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಂಡಿ ಹಾಕುವುದಿದೆ. ಎರಡೂ ಮಂಡಿಯೂರಿ ವೇಷದ ಭಾರ ಹೊತ್ತುಕೊಂಡು ಇಡೀ ರಂಗವನ್ನು ಬುಗುರಿಯಂತೆ ಸುತ್ತುವ ಕುಣಿತ. 1934ರಲ್ಲಿ ಗುಣವಂತೆಯಲ್ಲಿ ಇಡಗುಂಜಿ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರ ನಾಡು ಇದು. ಇಳಿವಯಸ್ಸಿನಲ್ಲೂ ರಂಗ ಬಿಡದೆ 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ನಾಡು. ಇಷ್ಟು ಮಂಡಿ ತಿರುಗಿಸುವವರ ಎಸಿಎಲ್ ಯಾಕೆ ರಂಗದ ಮೇಲೆಯೇ ಟಕ್ಕೆನ್ನುವುದಿಲ್ಲ? ಮಂಡಿ ಹಾಕುವಾಗ ಪಾದ ನೆಲಕ್ಕೆ ಕಚ್ಚಿರುವುದಿಲ್ಲ, ಅದಕ್ಕೆ. ಮಂಡಿಯೇ ಅಚ್ಚು. ತೊಡೆ, ಕೆಳಗಾಲು, ಪಾದ ಮೂರೂ ಒಂದೇ ತುಂಡಿನಂತೆ ಒಟ್ಟಿಗೆ ಸುತ್ತುತ್ತವೆ. ಎರಡು ಮೂಳೆಗಳ ನಡುವೆ ತಿರುಚು ಹೆಚ್ಚು ಹುಟ್ಟುವುದೇ ಇಲ್ಲ. ಹಾಗೆಂದು ಕಲಾವಿದರ ಮಂಡಿಗೆ ನೋವಿಲ್ಲ ಎಂದಲ್ಲ. ಚಿಪ್ಪಿನ ಮುಂದಿನ ನೀರುಚೀಲ ಊದುತ್ತದೆ, ಮೃದ್ವಸ್ಥಿ ಸವೆಯುತ್ತದೆ. ಆದರೆ ಅದು ವರ್ಷಗಟ್ಟಲೆ ಸವೆದು ಬರುವ ನೋವು. ಕಬಡ್ಡಿಯಲ್ಲಿ ರಜ್ಜು ಕ್ಷಣದಲ್ಲಿ ಹರಿಯುತ್ತದೆ.

ಎಷ್ಟು ಕ್ಷಣದಲ್ಲಿ? ಹ್ಯಾಂಡ್‌ಬಾಲ್, ಬಾಸ್ಕೆಟ್‌ಬಾಲ್ ಆಟಗಾರ್ತಿಯರ ಮಂಡಿ ಹೋದ ವಿಡಿಯೊಗಳನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ನೋಡಿದವರಿದ್ದಾರೆ. ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿದಿರುತ್ತದೆ. ಕಣ್ಣು ಒಮ್ಮೆ ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. 'ಏನೋ ಹೆಚ್ಚುಕಡಿಮೆಯಾಗುತ್ತಿದೆ' ಎಂದು ಸುದ್ದಿ ನರದಲ್ಲಿ ಹೋಗಿ, ಸ್ನಾಯು ಎಚ್ಚೆತ್ತು ಬಿಗಿಯುವಷ್ಟರಲ್ಲಿ ರಜ್ಜು ಹರಿದು ಆಗಿರುತ್ತದೆ. ಅಂದರೆ ಮಂಡಿಯನ್ನು ಕಾಯಬೇಕಾದ ಸ್ನಾಯು ಪಾದ ನೆಲಕ್ಕೆ ಬರುವ ಮೊದಲೇ ಬಿಗಿದು ಕಾದಿರಬೇಕು. ಈ ಮುಂಜಾಗ್ರತೆ ಅಭ್ಯಾಸದಿಂದ ಮಾತ್ರ ಬರುತ್ತದೆ. ಮುಂದೆ ಹೇಳುವುದಕ್ಕೆಲ್ಲ ಇದೇ ಬುಡ.

ಇನ್ನು ನನ್ನ ಮಂಡಿಯ ಕಥೆ. ಕಾಲೇಜಿನ ದಿನಗಳಲ್ಲಿ ನಾನೂ ಒಂದು ಮಂಡಿ ಕಳಕೊಂಡವನೇ. ಆಗ ಒಂದು ಆಸ್ಪತ್ರೆಯಲ್ಲಿ ತೊಡೆಯಿಂದ ಪಾದದ ತನಕ ಪ್ಲಾಸ್ಟರು ಮೆತ್ತಿ, ಆರು ವಾರ ಅಲ್ಲಾಡಬಾರದು ಎಂದು ಕಳಿಸಿದರು. ಪ್ಲಾಸ್ಟರು ಒಡೆದ ದಿನ ಒಳಗಿನಿಂದ ಬಂದ ಕಾಲು ನನ್ನದಲ್ಲ, ಅಜ್ಜನದು. ತೊಡೆ ಮುಷ್ಟಿಯಷ್ಟು. ವ್ಯಾಯಾಮದ ಮಾತನ್ನು ಯಾರೂ ಎತ್ತಲಿಲ್ಲ. ಇವತ್ತಿಗೂ ಇಳಿಜಾರಿನ ಮೆಟ್ಟಿಲಿನಲ್ಲಿ ನನ್ನ ಕೈ ತಾನಾಗಿ ಗೋಡೆ ಹುಡುಕುತ್ತದೆ. ಕಾಲದ ತಪ್ಪು ಅದು, ಆಗ ಜಗತ್ತೇ ಹಾಗೆ ಮಾಡುತ್ತಿತ್ತು. ಶಸ್ತ್ರಚಿಕಿತ್ಸೆಯಾದವರನ್ನೂ ಕಟ್ಟಿಹಾಕಿ ಕೂರಿಸುವುದೇ ಶಿಸ್ತು ಎನ್ನಿಸಿಕೊಂಡಿತ್ತು.

ಆ ಶಿಸ್ತು ಮುರಿದದ್ದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ, ಮುರಿದವರು ಮಾತು ಕೇಳದ ರೋಗಿಗಳು. ಡೊನಾಲ್ಡ್ ಶೆಲ್ಬೋರ್ನ್ ಎಂಬ ಶಸ್ತ್ರವೈದ್ಯರು ತಮ್ಮ ರೋಗಿಗಳನ್ನು ಹಿಂಬಾಲಿಸಿ ನೋಡುತ್ತ ಹೋದಾಗ ಒಂದು ವಿಚಿತ್ರ ಕಂಡಿತು. ಹೇಳಿದಂತೆ ಕಾಲು ಮಡಚಿಟ್ಟು ಕೂತವರ ಮಂಡಿ ಪೂರ್ತಿ ನೆಟ್ಟಗಾಗದೆ ಬಿಗಿದುಕೊಂಡಿತ್ತು. ಹೇಳಿದ್ದಕ್ಕಿಂತ ಮೊದಲೇ ಊರುಗೋಲು ಬಿಸಾಡಿ, ಕಾಲು ಚಾಚಿ, ಭಾರ ಹಾಕಿ ನಡೆದ ಉಡಾಳರ ಮಂಡಿ ಚೆನ್ನಾಗಿತ್ತು. ಅವರ ರಜ್ಜು ಸಡಿಲವಾಗಿರಲೂ ಇಲ್ಲ. ಉಡಾಳರನ್ನು ಬೈಯುವ ಬದಲು ಶೆಲ್ಬೋರ್ನ್ ಅವರಿಂದ ಕಲಿತರು. 1990ರಲ್ಲಿ ಅವರು ಪಾಲ್ ನಿಟ್ಸ್ ಜತೆ ಪ್ರಕಟಿಸಿದ ಲೇಖನದ ನಂತರ, ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಮಂಡಿಯನ್ನು ಪೂರ್ತಿ ನೆಟ್ಟಗೆ ಮಾಡಿಸುವುದು, ಬೇಗ ನಡೆಸುವುದು ರೂಢಿಗೆ ಬಂತು. ವಿಜ್ಞಾನದ ಇತಿಹಾಸದಲ್ಲಿ ಅವಿಧೇಯತೆಗೆ ಸಿಕ್ಕ ಇಷ್ಟು ಅಂದವಾದ ಮರ್ಯಾದೆ ನನಗೆ ಬೇರೆಲ್ಲೂ ಕಂಡಿಲ್ಲ.

ಮಂಡಿ ನೆಟ್ಟಗಾಗುವುದು ಅಷ್ಟು ದೊಡ್ಡ ವಿಷಯವೆ? ಹೌದು. ಮಡಚುವುದಕ್ಕಿಂತ ನೆಟ್ಟಗಾಗುವುದೇ ಮೊದಲು. ಐದು ಡಿಗ್ರಿ ಬಾಕಿ ಉಳಿದರೂ ಮನುಷ್ಯ ಕುಂಟುತ್ತಾನೆ. ಶಸ್ತ್ರಚಿಕಿತ್ಸೆಯಾದ ಅಳಿಯನ ಮೊದಲ ಪಾಠ ಹಾಳೆಯದಲ್ಲ, ಟವೆಲ್ಲಿನದು. ಹಿಮ್ಮಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ಲಿಟ್ಟು, ಮಂಡಿಯ ಹಿಂಭಾಗ ನೆಲಕ್ಕೆ ತಾಗುವಂತೆ ತೊಡೆ ಬಿಗಿಯಬೇಕು. ಅವನು ಬಿಗಿಯಲು ನೋಡಿದ. ಏನೂ ಆಗಲಿಲ್ಲ. ಮತ್ತೆ ನೋಡಿದ. ಮುಖ ಕೆಂಪಾಯಿತು, ಎಡಗಾಲು ನಡುಗಿತು, ಕುತ್ತಿಗೆಯ ನರ ಉಬ್ಬಿತು, ಬಲತೊಡೆ ಮಾತ್ರ ಹಿಟ್ಟಿನ ಮುದ್ದೆಯಂತೆ ಬಿದ್ದಿತ್ತು. "ಮಾವಾ, ಈ ಕಾಲು ನಂದಲ್ಲ ಅನ್ನಿಸ್ತದೆ" ಎಂದ. ಪದಕ ಗೆದ್ದ ಹುಡುಗ ಅಳುವುದನ್ನು ನಾನು ಅವತ್ತು ನೋಡಿದೆ.

ತೊಡೆಯ ಮುಂಭಾಗದ ಸ್ನಾಯುವಿಗೆ ಯಾರೂ ಕತ್ತಿ ಹಾಕಿಲ್ಲ. ನರವೂ ಸರಿಯಾಗಿದೆ. ಆದರೂ ಅದು ಯಾಕೆ ಏಳುವುದಿಲ್ಲ? ಕೀಲಿನೊಳಗೆ ನೀರು ತುಂಬಿ ಚೀಲ ಹಿಗ್ಗಿದಾಗ, ಅಲ್ಲಿನ ಸಂವೇದಕಗಳು ಬೆನ್ನುಹುರಿಗೆ ಸಂದೇಶ ಕಳಿಸುತ್ತವೆ. ಬೆನ್ನುಹುರಿ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಗ್ಗಿಸುತ್ತದೆ. ಗಾಯಗೊಂಡ ಕೀಲನ್ನು ಕಾಪಾಡಲು ಮೈ ಮಾಡಿಕೊಂಡ ಏರ್ಪಾಡು ಇರಬಹುದು, ಆದರೆ ಆಟಗಾರನಿಗೆ ಇದೇ ಶತ್ರು. 1984ರಲ್ಲಿ ಸಂಶೋಧಕರು ಆರೋಗ್ಯವಂತರ ಗಟ್ಟಿ ಮಂಡಿಗಳಿಗೇ ಸಲೈನ್ ಚುಚ್ಚಿ ನೋಡಿದರು. 20-30 ಮಿಲಿಲೀಟರ್ ಸಾಕಾಯಿತು, ತೊಡೆಯ ಒಳಬದಿಯ ಸ್ನಾಯು ಮಂಕಾಗಲು. ಎರಡು ದೊಡ್ಡ ಚಮಚೆಯಷ್ಟು ಉಪ್ಪುನೀರು! ಗಾಯವಿಲ್ಲ, ನೋವಿಲ್ಲ, ಆದರೂ ತೊಡೆ ಮಲಗಿತು. ಶಸ್ತ್ರಚಿಕಿತ್ಸೆಯಾದ ಮಂಡಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ನೀರಿರುತ್ತದೆ. ಹಾಗಾಗಿ ಮೊದಲ ವಾರಗಳ ಐಸು, ಕಾಲು ಎತ್ತಿಡುವುದು, ಬಿಗಿಪಟ್ಟಿ ಇವೆಲ್ಲ ನೋವಿಗಿಂತ ಹೆಚ್ಚಾಗಿ ತೊಡೆಯನ್ನು ಎಬ್ಬಿಸಲು. ಫಿಸಿಯೊ ಬಿಪಿ ಯಂತ್ರದ ಪಟ್ಟಿಯನ್ನು ಮಂಡಿಯ ಕೆಳಗಿಟ್ಟು, "ಇದನ್ನು ಒತ್ತಿ ಮುಳ್ಳು ಏರಿಸು ನೋಡುವಾ" ಎಂದರು. ಏರಿತು, ಕೂದಲೆಳೆಯಷ್ಟು. ಕಣ್ಣಿಗೆ ಕಂಡ ಆ ಕೂದಲೆಳೆಯನ್ನು ಮಿದುಳು ಹಿಡಿದುಕೊಂಡಿತು. ಮೂರನೆಯ ದಿನ ತೊಡೆಯಲ್ಲಿ ಒಂದು ಚಿಕ್ಕ ಅಲೆ ಎದ್ದಾಗ ಅಕ್ಕ ಒಳಗಿನಿಂದ ಓಡಿಬಂದು ನೋಡಿದಳು.

ಹರಿದ ರಜ್ಜುವನ್ನು ಹೊಲಿಯಬಹುದಲ್ಲ ಎಂದು ಕೇಳುವವರಿದ್ದಾರೆ. 1895ರಲ್ಲೇ ಇಂಗ್ಲೆಂಡಿನ ಮೇಯೊ ರಾಬ್ಸನ್ ಹೊಲಿದು ನೋಡಿದ್ದರು. ತೊಂದರೆ ಏನೆಂದರೆ ಗಾಯ ಮಾಯಬೇಕಾದರೆ ಮೊದಲು ರಕ್ತ ಹೆಪ್ಪುಗಟ್ಟಿ ಎರಡು ತುದಿಗಳ ನಡುವೆ ಸೇತುವೆಯಾಗಬೇಕು. ಮಂಡಿಯೊಳಗೆ ಎಸಿಎಲ್ ಕೀಲುದ್ರವದ ನಡುವೆ ಇರುತ್ತದೆ, ಆ ಹೆಪ್ಪು ಅಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಈಗ ಹೆಚ್ಚಾಗಿ ಮಾಡುವುದು ಕಸಿ. ಅದೇ ಕಾಲಿನ ತೊಡೆಯ ಹಿಂಭಾಗದಿಂದಲೋ, ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ಒಂದು ಎಳೆ ತೆಗೆದು, ಮೂಳೆಗಳಲ್ಲಿ ಸುರಂಗ ಕೊರೆದು, ಹಳೆಯ ರಜ್ಜು ಇದ್ದ ಓರೆಯಲ್ಲೇ ಪೋಣಿಸಿ ಬಿಗಿಯುತ್ತಾರೆ.

ಕಸಿ ಎಂದಾಗ ಅಂಕೋಲಾದ ಕರಿ ಇಷಾಡ ಮಾವಿನ ಕಸಿಯನ್ನು ನೆನೆದುಕೊಂಡರೆ ಲೆಕ್ಕ ತಪ್ಪುತ್ತದೆ. ತೋಟದ ಕಸಿಕಡ್ಡಿ ಸಾಯಬಾರದು. ಮಂಡಿಯ ಕಸಿ ಮೊದಲು ಬಹುಪಾಲು ಸಾಯುತ್ತದೆ. ರಕ್ತ ಪೂರೈಕೆ ಕಡಿದ ಆ ಎಳೆಯಲ್ಲಿನ ಜೀವಕೋಶಗಳು ಅಳಿದು, ನಾರಿನ ಚೌಕಟ್ಟು ಮಾತ್ರ ಉಳಿಯುತ್ತದೆ. ನಂತರ ಸುತ್ತಲಿಂದ ಹೊಸ ರಕ್ತನಾಳ, ಹೊಸ ಕೋಶಗಳು ಅದರ ಮೇಲೆ ಹಬ್ಬುತ್ತವೆ. ಒಣಗಿದ ಗೂಟಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ ಹಾಗೆ ಎಂದರೆ ಹೆಚ್ಚು ಸರಿ. ಬಂದ ಕೋಶಗಳು ಹಳೆಯ ನಾರು ಕಳಚಿ ಹೊಸ ನಾರು ಹೆಣೆಯುತ್ತವೆ. ಈ ಕಳಚುವ ಹೊತ್ತಿನಲ್ಲಿ, ಹೆಚ್ಚುಕಡಿಮೆ ಆರನೆಯ ವಾರದಿಂದ ಹನ್ನೆರಡನೆಯ ವಾರದ ತನಕ, ಕಸಿ ಶಸ್ತ್ರಚಿಕಿತ್ಸೆಯ ದಿನಕ್ಕಿಂತಲೂ ಬಡವಾಗಿರುತ್ತದೆ. ಪೂರ್ತಿ ರಜ್ಜುವಿನ ಹದಕ್ಕೆ ಬರಲು ಒಂದು ವರ್ಷ, ಕೆಲವೊಮ್ಮೆ ಎರಡು.

ಪ್ರಕೃತಿ ಇಲ್ಲಿ ಒಂದು ಕುಹಕ ಮಾಡಿದೆ. ಇದೇ ಹನ್ನೆರಡು ವಾರದ ಹೊತ್ತಿಗೆ ರೋಗಿಗೆ ಎಲ್ಲ ಸರಿಯಾಯಿತು ಎನ್ನಿಸುತ್ತದೆ. ಊತ ಇಳಿದಿದೆ, ನೋವಿಲ್ಲ, ಕುಂಟೂ ಇಲ್ಲ. ಅಳಿಯನಿಗೆ ಹಾಗೆ ಅನ್ನಿಸಿದ್ದು ಜೂನ್ ಮೊದಲ ಮಳೆಗೆ. "ಒಂದು ಸಲ ಕೆಸರುಗದ್ದೆಯಲ್ಲಿ ಓಡಿ ಬರ್ತೆ" ಎಂದ. ಅಂಗಳವೆಲ್ಲ ಹಾವಸೆ ಕಟ್ಟಿತ್ತು. ಅಕ್ಕ ಅಡಿಕೆ ದಬ್ಬೆ ಹಾಸಿ ಬಚ್ಚಲಿನ ತನಕ ದಾರಿ ಮಾಡಿ, ಅದು ಬಿಟ್ಟು ಕಾಲಿಟ್ಟರೆ ಕಾಲು ಮುರಿಯುವುದು ತಾನೇ ಎಂದು ಬಾಗಿಲಲ್ಲಿ ನಿಂತಳು. ಒಳಗಿನ ಗೂಟ ಆಗ ಎಷ್ಟು ಪೊಳ್ಳಾಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಚೇತರಿಕೆಯ ಈ ದಾರಿಯನ್ನು ಇಡೀ ದೇಶದ ಕಣ್ಣೆದುರು ನಡೆದವರು ಕ್ರಿಕೆಟಿಗ ರಿಷಭ್ ಪಂತ್. 2022ರ ಡಿಸೆಂಬರ್ 30ರ ನಸುಕಿನಲ್ಲಿ ರೂರ್ಕಿಯ ಬಳಿ ಅವರ ಕಾರು ವಿಭಜಕಕ್ಕೆ ಬಡಿದು ಹೊತ್ತಿ ಉರಿಯಿತು. ಬಲಮಂಡಿ ಕೀಲು ತಪ್ಪಿತ್ತು. ಮಂಡಿ ಕೀಲು ತಪ್ಪುವುದೆಂದರೆ ಎಸಿಎಲ್ ಒಂದೇ ಹರಿದಂತಲ್ಲ, ಕಟ್ಟಿಹಾಕಿದ ಹಗ್ಗಗಳಲ್ಲಿ ಹಲವು ಒಮ್ಮೆಗೇ ಹೋದಂತೆ. ಮಂಡಿಯ ಹಿಂದೆ ಹಾಯುವ ದೊಡ್ಡ ರಕ್ತನಾಳಕ್ಕೆ, ನರಕ್ಕೆ ಪೆಟ್ಟಾದರೆ ಕಾಲೇ ಹೋಗಬಹುದು. ಆ ಭಯ ತನ್ನನ್ನು ಕಾಡಿತ್ತೆಂದು ಪಂತ್ ಆಮೇಲೆ ಹೇಳಿದ್ದಾರೆ. 2023ರ ಜನವರಿ 6ರಂದು ಮುಂಬಯಿಯಲ್ಲಿ ಡಾ. ದಿನ್‌ಶಾ ಪರ್ದಿವಾಲಾ ಅವರ ನೇತೃತ್ವದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲಿನ ದೀರ್ಘ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಆಗ ಚಿನ್ನಸ್ವಾಮಿ ಕ್ರೀಡಾಂಗಣದ ಆವರಣದಲ್ಲಿದ್ದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ.

ಊರುಗೋಲು, ಈಜುಕೊಳದ ನೀರಿನಲ್ಲಿ ಕೋಲು ಹಿಡಿದು ನಡಿಗೆ, ಊರುಗೋಲು ಎಸೆದ ದಿನ ಎಲ್ಲವನ್ನೂ ಅವರೇ ಚಿತ್ರ ಹಾಕಿ ತೋರಿಸಿದರು. ನೀರಿನಲ್ಲಿ ಯಾಕೆ ನಡೆಸುತ್ತಾರೆ? ಎದೆಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ಮೈಭಾರದ ಒಂದು ಸಣ್ಣ ಪಾಲು ಮಾತ್ರ. ಉಳಿದದ್ದನ್ನು ನೀರು ಹೊರುತ್ತದೆ. ಸೊಂಟಮಟ್ಟಕ್ಕೆ ಬಂದರೆ ಭಾರ ಹೆಚ್ಚು, ಮೊಳಕಾಲುಮಟ್ಟಕ್ಕೆ ಇನ್ನೂ ಹೆಚ್ಚು. ಕೊಳದ ಆಳವೇ ಭಾರದ ತಕ್ಕಡಿ. ಕರಾವಳಿಯವರು ಇದನ್ನು ಓದಿ ಸಮುದ್ರಕ್ಕಿಳಿಯಬೇಡಿ ಮಾತ್ರ. ಅಲೆ ಹಿಂದೆ ಸರಿಯುವಾಗ ಪಾದದಡಿಯ ಮರಳು ಕೊಚ್ಚುತ್ತದೆ, ಮಂಡಿ ತಿರುಚಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಪಂತ್ ಬರೀ ಬ್ಯಾಟರ್ ಆಗಿದ್ದರೆ ದಾರಿ ಚಿಕ್ಕದಿತ್ತು. ವಿಕೆಟ್ ಕೀಪರ್ ಕುಕ್ಕರಗಾಲಿನಲ್ಲಿ ಕೂರಬೇಕು. ಟೆಸ್ಟ್ ಪಂದ್ಯದ ಪೂರ್ತಿ ದಿನ 90 ಓವರ್ ಎಂದರೆ 540 ಸಲ ಕೂತು ಏಳುವುದು, ಎದ್ದಾಗಲೆಲ್ಲ ಚೆಂಡು ಯಾವ ಬದಿಗೆ ಹೋದರೂ ಹಾರಲು ತಯಾರಿರುವುದು. ಮೀನು ಮಾರುವ ಅಮ್ಮ, ಭಟ್ಕಳ ಮಲ್ಲಿಗೆ ಕೊಯ್ಯುವ ಹೆಂಗಸು ಲೆಕ್ಕವಿಲ್ಲದೆ ಮಾಡುವ ಕೆಲಸ ಇದು. ಆದರೆ ಕಸಿ ಮಾಡಿದ ಮಂಡಿಗೆ ತಿಂಗಳುಗಟ್ಟಲೆ ಎಟುಕದ ಎತ್ತರ. 2023ರ ವಿಶ್ವಕಪ್ ಕಳೆದುಹೋಯಿತು. 2024ರ ಮಾರ್ಚ್ 12ರಂದು ಕ್ರಿಕೆಟ್ ಮಂಡಳಿ, 14 ತಿಂಗಳ ಚೇತರಿಕೆಯ ನಂತರ ಪಂತ್ ಕೀಪರ್ ಆಗಿಯೂ ಬ್ಯಾಟರ್ ಆಗಿಯೂ ಆಡಬಲ್ಲರು ಎಂದು ಪ್ರಕಟಿಸಿತು. ಮಾರ್ಚ್ 23ಕ್ಕೆ ಮುಲ್ಲನ್‌ಪುರದಲ್ಲಿ ಐಪಿಎಲ್ ಪಂದ್ಯಕ್ಕೆ ಇಳಿದರು, 18 ಓಟ. ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಬಾಂಗ್ಲಾದೇಶದ ವಿರುದ್ಧ ಟೆಸ್ಟ್‌ಗೆ ಮರಳಿ ಶತಕ ಹೊಡೆದರು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆ ಶತಕವಲ್ಲ, ಅದರ ಮುಂದಿನ ತಿಂಗಳ ಒಂದು ಪೆಟ್ಟು. 2024ರ ಅಕ್ಟೋಬರ್ 17, ಚಿನ್ನಸ್ವಾಮಿ ಕ್ರೀಡಾಂಗಣ. ನ್ಯೂಜಿಲೆಂಡ್ ಎದುರು ಭಾರತ 46ಕ್ಕೆ ಉದುರಿದ ದಿನ. ಜಡೇಜ ಎಸೆದ ಚೆಂಡು ಬ್ಯಾಟು ತಪ್ಪಿಸಿಕೊಂಡು ಸೀದಾ ಪಂತ್‌ರ ಅದೇ ಬಲಮಂಡಿಗೆ ಬಡಿಯಿತು. ಮಂಡಿ ಊದಿತು, ಅವರು ಹೊರಗೆ ಹೋದರು. ಆ ಪಂದ್ಯದಲ್ಲಿ ಮತ್ತೆ ಕೀಪಿಂಗ್ ಮಾಡಲಿಲ್ಲ. ಮಂಡಿಯ ವಿಜ್ಞಾನ ಬಲ್ಲವರಿಗೆ ಆ ಊತ ಎಂದರೆ ಏನೆಂದು ಗೊತ್ತು: ಮೂಳೆ, ಕಸಿ ಎಲ್ಲ ಗಟ್ಟಿಯಿದ್ದರೂ ಎರಡು ಚಮಚೆ ನೀರು ತೊಡೆಯನ್ನು ಮಲಗಿಸಬಲ್ಲದು. ತೊಡೆ ಮಲಗಿದ ಕೀಪರನನ್ನು ಕುಕ್ಕರಗಾಲಿನಲ್ಲಿ ಕೂರಿಸುವುದು ಮೂರ್ಖತನ. ಆದರೆ ಎರಡು ದಿನ ಬಿಟ್ಟು ಬ್ಯಾಟು ಹಿಡಿದು ಬಂದರು. 105 ಚೆಂಡು, 99 ಓಟ. ಓಟಗಳ ನಡುವೆ ಆಗಾಗ ಕುಂಟಿದರು. ಪಂದ್ಯ ಭಾರತದ ಕೈ ತಪ್ಪಿತು, ಅದು ಬೇರೆ ಮಾತು.

ಪಂತ್‌ಗೆ ಅಕಾಡೆಮಿಯಿತ್ತು, ಕೊಳವಿತ್ತು, ದಿನವಿಡೀ ಬೆನ್ನ ಹಿಂದೆ ನಿಲ್ಲುವ ತಜ್ಞರಿದ್ದರು. ನಮ್ಮ ಕಬಡ್ಡಿ ಹುಡುಗನಿಗೆ ಹೆದ್ದಾರಿ 66 ಇದೆ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರು, ಕುಮಟಾದಿಂದಾದರೆ ಇನ್ನೂ ದೂರ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿ ಎಂಬ ಉತ್ತರ ಕನ್ನಡದವರ ಕೂಗು, 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸು ಶಿರೂರು ಟೋಲಿನಲ್ಲಿ ಮಗುಚಿ ನಾಲ್ವರು ತೀರಿಕೊಂಡಾಗ ರಾಜ್ಯಕ್ಕೆಲ್ಲ ಕೇಳಿಸಿತು. ಮಂಡಿ ಹರಿದವನ ಜೀವಕ್ಕೇನೂ ಅಪಾಯವಿಲ್ಲ ನಿಜ. ಶಸ್ತ್ರಚಿಕಿತ್ಸೆಗೆ ಒಂದು ಸಲ ದಕ್ಷಿಣಕ್ಕೆ ಹೋಗಿಬಂದರೆ ಆಯಿತು. ಆದರೆ ವಾರಕ್ಕೆರಡು ಸಲದಂತೆ ಒಂಬತ್ತು ತಿಂಗಳ ವ್ಯಾಯಾಮಕ್ಕೆ ಬಸ್ಸು ಹತ್ತುವವರು ಯಾರು? ಹೊಲಿಗೆ ಬಿಚ್ಚಿಸಿಕೊಂಡು ಬಂದವರು ಅಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಅಸಲಿಗೆ ಅಲ್ಲಿಂದ ಶುರು.

ಇನ್ನೊಂದು ಮಾತು ಹೇಳದಿದ್ದರೆ ನಾನು ಶಸ್ತ್ರಚಿಕಿತ್ಸೆಯ ವಕೀಲನಾದಂತಾಗುತ್ತದೆ. ಹರಿದ ಎಸಿಎಲ್‌ಗೆಲ್ಲ ಕಸಿ ಬೇಕೆಂದಿಲ್ಲ. ಸ್ವೀಡನ್ನಿನಲ್ಲಿ ಚುರುಕಾಗಿ ಆಡಿಕೊಂಡಿದ್ದ 121 ಯುವಕ ಯುವತಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಮಂಡಿ ಹೊರಳುವುದು ನಿಲ್ಲದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. 2010ರಲ್ಲಿ ಪ್ರಕಟವಾದ ಎರಡು ವರ್ಷದ ಲೆಕ್ಕದಲ್ಲಿ ಎರಡೂ ಗುಂಪಿನವರ ನೋವು, ಓಡಾಟ, ಬದುಕಿನ ಗುಣಮಟ್ಟ ಹೆಚ್ಚುಕಡಿಮೆ ಒಂದೇ. ಎರಡನೆಯ ಗುಂಪಿನ 59 ಮಂದಿಯಲ್ಲಿ ಕತ್ತಿ ಕೇಳಿದವರು 23. ದಿನದ ಬದುಕಿಗೆ, ಗದ್ದೆ ಕೆಲಸಕ್ಕೆ, ನೇರ ಓಟಕ್ಕೆ ತೊಡೆ ಗಟ್ಟಿಯಿದ್ದರೆ ಎಷ್ಟೋ ಮಂದಿಗೆ ಸಾಕಾಗುತ್ತದೆ. ಪಾದ ಊರಿ ಗಿರಕಿ ಹೊಡೆಯುವ ಕಬಡ್ಡಿಗೆ ಮರಳಬೇಕೆಂದರೆ ಲೆಕ್ಕ ಬೇರೆ. ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್ ಕೂಡ ಹರಿದಿದ್ದರೆ ಮತ್ತೂ ಬೇರೆ. ಆದರೆ ಯಾವ ಗುಂಪಿಗೂ ವ್ಯಾಯಾಮ ತಪ್ಪಿಲ್ಲ ಎಂಬುದನ್ನು ಗಮನಿಸಿ.

ಅಳಿಯನ ಜಗುಲಿ ಮೆಲ್ಲಗೆ ಜಿಮ್ ಆಯಿತು. ಹಾಳೆಯ ಪಕ್ಕ ಮರಳು ತುಂಬಿದ ಚೀಲಗಳು ಬಂದವು. ಕಾಲ್ಮಣೆ ಹತ್ತಿ ಇಳಿಯುವುದು, ಆಮೇಲೆ ಜಗುಲಿಯ ಮೆಟ್ಟಿಲು. ಹತ್ತುವುದಕ್ಕಿಂತ ಇಳಿಯುವುದು ಕಠಿಣ, ಯಾಕೆಂದರೆ ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ಹಿಡಿಯಬೇಕು. ಬಚ್ಚಲೊಲೆಯ ಬೆಂಕಿ ನೋಡುತ್ತ ಒಂಟಿಕಾಲಿನಲ್ಲಿ ನಿಲ್ಲುವುದು, ಆಮೇಲೆ ಕಣ್ಣು ಮುಚ್ಚಿ. ಕಣ್ಣು ಮುಚ್ಚಿದ ಮೊದಲ ದಿನ ಅವನು ಮೂರು ಎಣಿಸುವುದರೊಳಗೆ ವಾಲಿದ. ಎಸಿಎಲ್ ಬರೀ ಹಗ್ಗವಲ್ಲ, ಅದರೊಳಗೆ ನರದ ತುದಿಗಳಿವೆ. ಮಂಡಿ ಎಲ್ಲಿದೆ, ಎಷ್ಟು ತಿರುಚಿದೆ ಎಂದು ಅವು ಮಿದುಳಿಗೆ ತಿಳಿಸುತ್ತಿದ್ದವು. ಹರಿದಾಗ ಆ ತಂತಿಯೂ ಕಡಿಯಿತು. ಕಸಿಯಾದವರು ಮಂಡಿ ಆಡಿಸುವಾಗ ಮಿದುಳಿನಲ್ಲಿ ನೋಟಕ್ಕೆ ಸಂಬಂಧಿಸಿದ ಭಾಗ ಹೆಚ್ಚು ಕೆಲಸ ಮಾಡುವುದನ್ನು ಸ್ಕ್ಯಾನುಗಳು ತೋರಿಸಿವೆ. ಕಾಲು ಹೇಳಬೇಕಾದ್ದನ್ನು ಕಣ್ಣಿನಿಂದ ಕೇಳಿಕೊಳ್ಳುತ್ತಾರೆ. ಆದರೆ ರೈಡರ್‌ನ ಕಣ್ಣಿಗೆ ಎದುರಿನ ಏಳು ಜನರನ್ನು ನೋಡುವ ಕೆಲಸವಿದೆ, ತನ್ನ ಮಂಡಿ ನೋಡಿಕೊಂಡು ದಾಳಿ ಮಾಡಲಾಗದು. ಫಿಸಿಯೊ ಒಂದು ಉಪಾಯ ಹೇಳಿದರು. ಅಳಿಯ ಒಂಟಿಕಾಲಿನಲ್ಲಿ ನಿಂತಾಗ ಅವನ ತಂಗಿ ಎಲ್ಲಿಂದಲೋ ಚೆಂಡು ಎಸೆಯಬೇಕು, ಇವನು ಹಿಡಿಯುತ್ತ ಮಗ್ಗಿ ಹೇಳಬೇಕು. ಹದಿನೇಳರ ಮಗ್ಗಿ ಅವನಿಗೆ ಮೊದಲೂ ಬರುತ್ತಿರಲಿಲ್ಲ.

ದೀಪಾವಳಿಗೆ ಏಳೂವರೆ ತಿಂಗಳು. ಗೆಳೆಯರು ಅಂಗಳಕ್ಕೇ ಬಂದರು, "ಬರೀ ಬೋನಸ್ ತಗಂಡು ಬಾ, ಹಿಡಿಸಿಕೊಳ್ಳಬೇಡ" ಎಂದು. ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಕಸಿಯಾದ 106 ಆಟಗಾರರನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕವನ್ನು ನಾನು ಅವರೆದುರು ಇಟ್ಟೆ. ಒಂಬತ್ತು ತಿಂಗಳ ತನಕ, ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕಿಳಿಯುತ್ತದೆ. ಬಲ ಮತ್ತು ನೆಗೆತದ ಪರೀಕ್ಷೆ ಪಾಸಾಗದೆ ಮರಳಿದವರಲ್ಲಿ 38 ಶೇಕಡಾ ಮಂದಿಗೆ ಮತ್ತೆ ಪೆಟ್ಟು, ಪಾಸಾದವರಲ್ಲಿ 6 ಶೇಕಡಾದೊಳಗೆ. ಹುಡುಗರು ಲೆಕ್ಕ ಕೇಳಿದರು, ಚಹಾ ಕುಡಿದರು, ಹೋದರು. ಒಬ್ಬ ಮಾತ್ರ ಗೇಟಿನ ಹತ್ತಿರ ನಿಂತು, ತನ್ನ ಮಂಡಿಯೂ ಆಗೊಮ್ಮೆ ಈಗೊಮ್ಮೆ ಹೊರಳುತ್ತದೆ, ಯಾರಿಗೆ ತೋರಿಸಬೇಕು ಎಂದು ಕೇಳಿದ.

ಸ್ನಾಯು ಗಟ್ಟಿಯಾದರೂ ಕೆಲವರು ಮರಳುವುದಿಲ್ಲ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಕಸಿಯಾದವರಲ್ಲಿ ಸ್ಪರ್ಧೆಯ ಮಟ್ಟದ ಆಟಕ್ಕೆ ಮರಳಿದವರು ಸುಮಾರು 55 ಶೇಕಡಾ. ಉಳಿದವರಲ್ಲಿ ಎಷ್ಟೋ ಮಂದಿಯನ್ನು ತಡೆದದ್ದು ಹೆದರಿಕೆ. ಅಳಿಯ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವನು ಬಲಕ್ಕೆ ತಿರುಗುವಾಗ ಒಂದು ಪುಟ್ಟ ಹೆಜ್ಜೆ ಹೆಚ್ಚಿಗೆ ಹಾಕುವುದನ್ನು ಅವನ ತಂಗಿ ನನಗಿಂತ ಮೊದಲು ಕಂಡುಹಿಡಿದಳು.

ಡಿಸೆಂಬರಿನಲ್ಲಿ ಪರೀಕ್ಷೆ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಎಡಗಾಲಿನಲ್ಲಿ ಒಂದು ನೆಗೆತ, ಬಲಗಾಲಿನಲ್ಲಿ ಒಂದು, ಮೂರು ಮೂರು ಸಲ. ಅಕ್ಕನ ಹೊಲಿಗೆ ಯಂತ್ರದ ಡ್ರಾದಿಂದ ಟೇಪು ಬಂತು. ಗಾಯವಾದ ಕಾಲು ಇನ್ನೊಂದರ ಕನಿಷ್ಠ 90 ಶೇಕಡಾ ನೆಗೆಯಬೇಕು. ಎಡಗಾಲು 160 ಸೆಂಟಿಮೀಟರು. ಬಲಗಾಲು 141. ಅವನೇ ಫೋನಿನಲ್ಲಿ ಭಾಗಾಕಾರ ಮಾಡಿ ನೋಡಿದ. 88. "ಮಾವಾ, ಟೇಪು ಹಳೇದು, ಹಿಗ್ಗಿದೆ" ಎಂದ. ಹಿಗ್ಗಿದ್ದರೆ ಎರಡಕ್ಕೂ ಹಿಗ್ಗಬೇಕಲ್ಲ ಎಂದೆ. ನಕ್ಕ.

ಆ ಶನಿವಾರ ಊರಿನ ಗದ್ದೆಯಲ್ಲಿ ಋತುವಿನ ಮೊದಲ ಪಂದ್ಯ. ಹುಡುಗರು ಅವನನ್ನು ಅಂಕ ಬರೆಯಲು ಕೂರಿಸಿದರು. ನಾನು ಚುರುಮುರಿ ತರಲು ಅವನ ಹಿಂದಿನಿಂದ ಹಾದುಹೋದೆ. ಕುರ್ಚಿ ಖಾಲಿಯಿತ್ತು. ಅವನು ಮೇಜಿಗೆ ಒಂದು ಬೆರಳು ಮಾತ್ರ ತಾಗಿಸಿ, ಬಲಗಾಲೊಂದರ ಮೇಲೆ ನಿಂತು, ಮಂಡಿಯನ್ನು ತುಸು ಬಾಗಿಸಿ ಏಳಿಸುತ್ತ, ಕಣ್ಣು ಮ್ಯಾಟಿನ ಮೇಲಿಟ್ಟೇ ಅಂಕ ಬರೆಯುತ್ತಿದ್ದ.